ಕಾಲುಪೇಟಿಯಿಂದ ಪೆಡಲಿಗೆ: ಶಿಶುನಾಳದ ತತ್ವಪದ ಮತ್ತು ಗಿಟಾರ್ ನಾದದ ಸರಣಿ

ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿ ಹೊರಬಂತು. ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಶಿಗ್ಗಾಂವಿ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿದ ಹಾಡುಗಳು ಗಿಟಾರ್, ಬೇಸ್, ಡ್ರಮ್ಸ್ ಜೊತೆಗೆ ಹೊಸ ತಲೆಮಾರಿನ ಕಿವಿಗೆ ತಲುಪಿದವು. ಆಮೇಲೆ ಕಾಲೇಜು ಬ್ಯಾಂಡುಗಳೂ ಅವನ್ನು ಎತ್ತಿಕೊಂಡವು. ಹಾಗೆ ಹಾಡಲು ನಿಂತ ಗಿಟಾರಿಗನ ಕಾಲಡಿ ನಾಲ್ಕಾರು ಪೆಡಲುಗಳ ಸಾಲಿರುತ್ತದೆ. ಯಾವುದರ ಮುಂದೆ ಯಾವುದಿರಬೇಕೆಂಬುದಕ್ಕೆ ರಾಕ್ ಸಂಗೀತದಲ್ಲಿ ಒಂದು ರೂಢಿಯಿದೆ. ಆದರೆ ಆ ರೂಢಿ ಗಿಟಾರನ್ನೇ ನಾಯಕನ ಸ್ಥಾನದಲ್ಲಿಟ್ಟು ಬೆಳೆದದ್ದು. ತತ್ವಪದದಲ್ಲಿ ಮಾತು ಮುಂದೆ, ಶ್ರುತಿ ಅದರ ಬೆನ್ನಿಗೆ, ಉಳಿದದ್ದೆಲ್ಲ ಆಮೇಲೆ. ಹೀಗಾಗಿ ತತ್ವಪದಕ್ಕೆ ಪೆಡಲುಗಳ ಸರಣಿಯನ್ನು ಬೇರೆಯಾಗಿ ಹೂಡಬೇಕು. ಅದಕ್ಕೆ ಬೇಕಾದ ಕಾರಣಗಳು ಈ ಸೀಮೆಯ ಸಂಗೀತದ ಇತಿಹಾಸದಲ್ಲೇ ಸಿಗುತ್ತವೆ ಎಂಬುದು ಈ ಲೇಖನದ ವಾದ.

ಶರೀಫರು (1819–1889) ಹುಲಗೂರಿನ ಖಾದ್ರಿ ಪರಂಪರೆಗೆ ನಡೆದುಕೊಂಡ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ಅವರ ಪದಗಳು ಉಳಿದು ಬಂದದ್ದು ಭಜನಾ ಮೇಳಗಳ ಬಾಯಲ್ಲಿ. ಏಕತಾರಿ, ದಮ್ಮಡಿ, ತಾಳ: ಮೇಳಕ್ಕೆ ಇಷ್ಟಿದ್ದರೆ ಸಾಕಾಗಿತ್ತು. ಏಕತಾರಿಯ ಒಂಟಿ ತಂತಿ ರಾಗ ನುಡಿಸುವುದಿಲ್ಲ, ಷಡ್ಜವನ್ನು ಬಿಡದೆ ಹಿಡಿದಿರುತ್ತದೆ. ಅದರ ಸಿರಿವಂತ ಬಂಧು ತಂಬೂರಿಯಲ್ಲಿ ಕುದುರೆಯ ಬಾಗಿದ ಮೈಗೂ ತಂತಿಗೂ ನಡುವೆ ನೂಲಿನ ಎಳೆ ಇಟ್ಟು ಜವಾರಿ ಕೂಡಿಸುತ್ತಾರೆ. ತಂತಿ ಕುದುರೆಯನ್ನು ಸವರುತ್ತ ಕಂಪಿಸಿದಾಗ ಮೂಲಸ್ವರದ ಮೇಲೆ ಉಪಸ್ವರಗಳ ಗೊಂಚಲೇ ಏಳುತ್ತದೆ. ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಪರಿಶೀಲಿಸಿದರು. ಮೀಟಿದ ಜಾಗದಲ್ಲಿ ನಿಷ್ಪಂದ ಬಿಂದುವಿರುವ ಉಪಸ್ವರ ಏಳಬಾರದೆಂಬುದು ತಂತಿವಾದ್ಯಗಳ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅದು ನಿಲ್ಲುವುದಿಲ್ಲವೆಂದು ಅವರು ತೋರಿಸಿದರು. ಶುದ್ಧ ನಾದವನ್ನು ಬೇಕೆಂದೇ ಒರಟುಗೊಳಿಸಿ ಉಪಸ್ವರ ಹೆಚ್ಚಿಸಿಕೊಳ್ಳುವ ಕಲೆ ನಮ್ಮವರಿಗೆ ವಿದ್ಯುತ್ತಿಗಿಂತ ಬಹಳ ಮೊದಲೇ ಕೈವಶವಾಗಿತ್ತು. ಗಿಟಾರಿನ ದನಿಯನ್ನು ಬೇಕೆಂದೇ ಹರಿಯುವ ಫಜ್ ಪೆಡಲನ್ನು ಹೊರಗಿನಿಂದ ಬಂದ ಗದ್ದಲವೆಂದು ತಳ್ಳಿಹಾಕುವವರು ಜವಾರಿಯನ್ನು ಒಮ್ಮೆ ನೆನೆಯಬೇಕು.

ಎರಡನೆಯ ಘಟ್ಟ ಹಾರ್ಮೋನಿಯಂನದು, ಅಂದರೆ ಉತ್ತರ ಕರ್ನಾಟಕದ ಪೇಟಿಯದು. ಹಾನಗಲ್ಲಿನ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಾನಗಲ್ಲ ತಾಲೂಕಿನ ದೇವಗಿರಿಯವರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಳಗಿದವರು. ಈ ಗುರು-ಶಿಷ್ಯರ ಗದುಗಿನ ಆಶ್ರಮ ನಡೆಸಿದ ನಾಟಕ ಕಂಪನಿ ಈ ಭಾಗದ ಜನರಿಗೆ ರಂಗಗೀತೆಯ ರುಚಿ ಹತ್ತಿಸಿತು. ಕಂಪನಿ ನಾಟಕದಲ್ಲಿ ರಂಗದ ಮುಂದೆ ಕೂಡುವ ಪೇಟಿ ಮಾಸ್ತರರೇ ಇಡೀ ಮೇಳದ ನಾಯಕರು. ಅವರದು ಕಾಲುಪೇಟಿ. ತಿದಿಯನ್ನು ಕಾಲು ಒತ್ತುತ್ತದೆ, ಎರಡೂ ಕೈ ಮನೆಗಳ ಮೇಲೆ ಬಿಡುವಾಗಿರುತ್ತವೆ. ಕಾಲಿನ ಒತ್ತಡ ಹೆಚ್ಚಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪೇಟಿಯ ಎದುರಿನ ಗುಬ್ಬಿಗಳನ್ನು ಎಳೆದರೆ ಖರ್ಜದ ಸಾಲು ತೆರೆಯುತ್ತದೆ, ಕಪ್ಲರ್ ಹಾಕಿದರೆ ಒಂದು ಮನೆ ಒತ್ತಿದಾಗ ಇನ್ನೊಂದು ಸ್ಥಾಯಿಯ ಮನೆಯೂ ನುಡಿಯುತ್ತದೆ, ಟ್ರೆಮೊಲೊ ಬಿಟ್ಟರೆ ನಾದ ನಡುಗುತ್ತದೆ. ಇಂದಿನ ವಾಲ್ಯೂಮ್ ಪೆಡಲು, ಆಕ್ಟೇವ್ ಪೆಡಲು, ಟ್ರೆಮೊಲೊ ಪೆಡಲು ಮಾಡುವ ಕೆಲಸ ಅಂದು ಗಾಳಿಯಿಂದ, ಮರದಿಂದ ನಡೆಯುತ್ತಿತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿದಾಗಲೂ ನಾಟಕದ ಡೇರೆಯಿಂದ, ಮಠದ ಭಜನೆಯಿಂದ ಪೇಟಿ ಕದಲಲಿಲ್ಲ. ಆ ನಿಷೇಧ ಸಡಿಲವಾದದ್ದು 1971ರಲ್ಲಿ.

ಕಾಲುಪೇಟಿಗೂ ಗಿಟಾರ್ ಪೆಡಲಿಗೂ ಇರುವ ನಂಟು ಬರಿಯ ಹೋಲಿಕೆಯಲ್ಲ. ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ 1966ರಲ್ಲಿ ವಾ ಪೆಡಲಿನ ಮೊದಲ ಮಾದರಿ ಮಾಡಿದಾಗ ಅದನ್ನು ಕೂಡಿಸಿದ್ದು ಆರ್ಗನ್ನಿನ ವಾಲ್ಯೂಮ್ ಪೆಡಲಿನ ಗೂಡಿನೊಳಗೆ. ಫಜ್‌ನ ಕತೆ ಅದಕ್ಕೂ ಹಿಂದಿನದು. ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದ ಬೇಸ್ ಗಿಟಾರಿನ ದನಿ ಹರಿದು ಕೇಳಿಸಿತು. ಆ ಹರಕು ದನಿಯನ್ನೇ ಬೇಕಾದಾಗ ತರಿಸಿಕೊಳ್ಳಲು ಮೆಸ್ಟ್ರೋ ಫಜ್‌ಟೋನ್ 1962ರಲ್ಲಿ ಮಾರುಕಟ್ಟೆಗೆ ಬಂತು. ಬಾಸ್ ಕಂಪನಿಯ ಮೊದಲ ಪೆಡಲು, ಕೋರಸ್, 1976ರದು. ಅದೇ ಕಂಪನಿ 1983ರಲ್ಲಿ ಡಿಜಿಟಲ್ ಡಿಲೇಯನ್ನು ಅಂಗೈಯಗಲದ ಡಬ್ಬಿಗೆ ಇಳಿಸಿತು. ನಮ್ಮಲ್ಲಿ ಆಮದಿನ ಕಟ್ಟುಪಾಡು ಸಡಿಲಗೊಂಡದ್ದು 1991ರ ನಂತರ.

ಪೆಡಲುಗಳು ಇಲ್ಲಿಗೆ ಬರುವ ಹೊತ್ತಿಗೆ ಶರೀಫರ ಪದಗಳು ಇನ್ನೊಂದು ರೂಪ ತಳೆದಿದ್ದವು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರದು, ಸಂಗೀತ ಸಿ. ಅಶ್ವಥ್ ಅವರದು. ಅಶ್ವಥ್ ವಾದ್ಯಮೇಳವನ್ನು ಹಿಗ್ಗಿಸಿದರೂ ಒಂದಕ್ಷರವೂ ಅದರೊಳಗೆ ಮುಳುಗದಂತೆ ನೋಡಿಕೊಂಡರು. ಇಂದು ಶರೀಫರನ್ನು ಕೇಳಲು ಕೂತವರ ಕಿವಿಯಲ್ಲಿ ಆ ಮಾಟವಿದೆ. ಯಾವ ಬ್ಯಾಂಡೂ ಅದನ್ನು ಮರೆತು ಗೆಲ್ಲಲಾರದು.

ಒಡಕು ನಾದ ಮತ್ತು ತತ್ವಪದ ಒಂದಕ್ಕೊಂದು ಒಗ್ಗಿದ್ದಕ್ಕೆ ಭೌತಿಕ ಕಾರಣವಿದೆ. ಈ ಒಡಕು ತರುವ ಡ್ರೈವ್ ಪೆಡಲಿಗೆ ಎರಡು ಸ್ವರ ಒಟ್ಟಿಗೆ ಹೊಕ್ಕರೆ ಅವುಗಳ ಕಂಪನಸಂಖ್ಯೆಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಸ್ವರವೂ ಹುಟ್ಟುತ್ತದೆ. ಪೇಟಿಯ ಕರಿ ಒಂದರ ಶ್ರುತಿಯಲ್ಲಿ ಮಂದ್ರದ ಷಡ್ಜ 138.6 ಹರ್ಟ್ಸ್, ಪಂಚಮ 207.7. ಇವುಗಳ ವ್ಯತ್ಯಾಸ 69, ಅಂದರೆ ಇನ್ನೂ ಒಂದು ಸ್ಥಾಯಿ ಕೆಳಗಿನ ಷಡ್ಜವೇ. ಇಲ್ಲದ ತಂತಿಯೊಂದು ಶ್ರುತಿಗೆ ಕೂಡಿಕೊಂಡ ಹಾಗೆ! ಪಂಚಮದ ಬದಲು ಗಾಂಧಾರ ಸೇರಿಸಿದರೆ ಈ ಲೆಕ್ಕ ಕೆಡುತ್ತದೆ. ಗಿಟಾರಿನಲ್ಲಿ ಸ್ಥಾಯಿಯನ್ನು ಸಮಭಾಗಗಳಾಗಿ ಹಂಚಿರುವುದರಿಂದ ಹುಟ್ಟುವ ಸ್ವರ ಷಡ್ಜಕ್ಕಿಂತ ಅರ್ಧಸ್ವರದ ಮೂರರಲ್ಲೆರಡು ಪಾಲು ಮೇಲೆ ಬಿದ್ದು ಕಿರಿಕಿರಿಯಾಗುತ್ತದೆ. ರಾಕ್ ಗಿಟಾರಿಗರು ಷಡ್ಜ-ಪಂಚಮಗಳ ಪವರ್ ಕಾರ್ಡಿಗೆ ಒಲಿದದ್ದು ಇದೇ ಕಾರಣಕ್ಕೆ. ತಂಬೂರಿಯನ್ನು ಶ್ರುತಿ ಮಾಡುವುದೂ ಸಾಮಾನ್ಯವಾಗಿ ಅವೆರಡಕ್ಕೇ.

ಇನ್ನು ಸರಣಿ. ರೂಢಿಯ ಕ್ರಮದಲ್ಲಿ ಗಿಟಾರಿನಿಂದ ಹೊರಟ ತಂತು ಫಜ್ ಅಥವಾ ಡ್ರೈವ್ ಹೊಕ್ಕು, ಕೋರಸ್‌ನಂಥವನ್ನು ಹಾದು, ಡಿಲೇ ಮತ್ತು ರಿವರ್ಬ್ ದಾಟಿ ಆಂಪ್ಲಿಫಯರ್ ಸೇರುತ್ತದೆ. ಡ್ರೈವ್‌ನ ನಂತರ ಡಿಲೇ ಇದ್ದರೆ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅದಲು ಬದಲು ಮಾಡಿದರೆ ಪ್ರತಿಧ್ವನಿಗಳೆಲ್ಲ ಒಟ್ಟಾಗಿ ಡ್ರೈವ್ ಹೊಕ್ಕು, ಒಂದರೊಳಗೊಂದು ಕರಗಿ, ಎಡೆಬಿಡದ ಝೇಂಕಾರವಾಗುತ್ತದೆ. ಗಿಟಾರ್ ಸೋಲೋಗೆ ಇದು ದೋಷ, ಏಕತಾರಿಯ ಸ್ಥಾನ ತುಂಬಬೇಕಾದ ಗಿಟಾರಿಗೆ ಇದೇ ಗುಣ. ಹಾಡಿನ ಆರಂಭದ ಆಲಾಪದ ಕೆಳಗೆ ಹಾಸಲು ಇದಕ್ಕಿಂತ ಒಳ್ಳೆಯ ನಾದ ಪೆಡಲುಗಳಿಂದ ಸಿಗದೆಂಬುದು ನನ್ನ ದೃಢ ಅಭಿಪ್ರಾಯ. ಷರತ್ತು ಒಂದೇ: ವಾಲ್ಯೂಮ್ ಪೆಡಲು ಎಲ್ಲಕ್ಕಿಂತ ಕೊನೆಯಲ್ಲಿರಬೇಕು. ಡ್ರೈವ್‌ನ ಮುಂದಿಟ್ಟರೆ ಅದು ಒಡಕಿನ ಪ್ರಮಾಣವನ್ನು ಬದಲಿಸುತ್ತದೆ. ಕೊನೆಯಲ್ಲಿಟ್ಟರೆ ನಾದದ ಬಣ್ಣ ಹಾಗೇ ಉಳಿದು, ಮಾತು ಬಂದಾಗ ಹಿಂದೆ ಸರಿಯುತ್ತದೆ. ಪೇಟಿ ಮಾಸ್ತರರ ಕಾಲು ನಟನ ಮಾತಿಗೆ ತಗ್ಗುತ್ತಿದ್ದದ್ದು ಹೀಗೆಯೇ.

ಡಿಲೇಯ ಕಾಲಮಾನ ಹೆಚ್ಚು ಸೂಕ್ಷ್ಮವಾದದ್ದು. ನಿಮಿಷಕ್ಕೆ 80 ಮಾತ್ರೆಯ ಲಯದಲ್ಲಿ ಮಾತ್ರೆಯೊಂದಕ್ಕೆ 750 ಮಿಲಿಸೆಕೆಂಡು, 120ಕ್ಕೆ ಏರಿದರೆ 500. ಭಜನೆಯ ಲಯ ಒಂದೆಡೆ ನಿಲ್ಲುವುದಿಲ್ಲ, ಪಲ್ಲವಿ ಮರಳಿ ಬಂದಂತೆಲ್ಲ ಏರುತ್ತ ಹೋಗುತ್ತದೆ. 750ಕ್ಕೆ ಕಟ್ಟಿದ ಡಿಲೇ ಆಗ ತಾಳದ ಕಾಲಿಗೆ ತೊಡರುತ್ತದೆ. ಕಾಲಿನಿಂದ ಲಯ ಒತ್ತಿ ತಿಳಿಸುವ ಟ್ಯಾಪ್ ಸೌಲಭ್ಯವಿದ್ದರೂ ಏರುವ ಲಯವನ್ನು ಅದು ಬೆನ್ನಟ್ಟುತ್ತಲೇ ಇರಬೇಕು. ನೂರು ಮಿಲಿಸೆಕೆಂಡಿನ ಆಸುಪಾಸಿನ ಗಿಡ್ಡ ಪ್ರತಿಧ್ವನಿಯಾದರೆ ಲಯಕ್ಕೆ ಅಂಟುವುದಿಲ್ಲ, ನಾದಕ್ಕೆ ಮೈ ತುಂಬುತ್ತದೆ. ಒಂದು ಬಗೆಯ ಪಾಶ್ಚಾತ್ಯ ರಾಕ್‌ನಲ್ಲಿ ಮೆಚ್ಚುಗೆ ಪಡೆದ ಮುಕ್ಕಾಲು ಮಾತ್ರೆಯ ಡಿಲೇ, ದಾದ್ರಾದ ಮೂರು-ಮೂರರ ನಡೆಯಲ್ಲಿ ಅಡ್ಡಗಾಲಾಗುತ್ತದೆ.

ಜಾತ್ರೆಯ ವೇದಿಕೆ ಇನ್ನೊಂದು ಪರೀಕ್ಷೆ. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಆಹುಜಾ ಆಂಪ್ಲಿಫಯರ್ ಮತ್ತು ಹಾರ್ನ್ ಇನ್ನೂ ಮರೆಯಾಗಿಲ್ಲ. ಹಾರ್ನ್ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಬಹಳ ಕ್ಷೀಣವಾಗಿ ಒಯ್ಯುತ್ತದೆ. ಆಗ ಮೇಲೆ ಹೇಳಿದ 69 ಹರ್ಟ್ಸ್‌ನ ಖರ್ಜ ಹಾಳು, ಉಳಿಯುವುದು ಫಜ್‌ನ ಚೂಪು ಉಪಸ್ವರಗಳು ಮಾತ್ರ. ಅವು ವ್ಯಂಜನಗಳು ಸ್ಪಷ್ಟವಾಗುವ 2ರಿಂದ 4 ಕಿಲೋಹರ್ಟ್ಸ್‌ನ ಪಟ್ಟಿಯಲ್ಲೇ ಬಂದು ಕೂಡುತ್ತವೆ. ಸಾಹಿತ್ಯ ಕೇಳದ ಶರೀಫರ ಪದಕ್ಕೆ ಏನರ್ಥ? ಡ್ರೈವ್‌ನ ಹಿಂದೆಯೇ ಒಂದು ಇಕ್ವಲೈಸರ್ ಇಟ್ಟು ಆ ಪಟ್ಟಿಯನ್ನು ತಗ್ಗಿಸುವುದೊಂದೇ ದಾರಿ. ವಿದ್ಯುತ್ ಕೂಡ ತನ್ನ ಪಾಲು ಸೇರಿಸುತ್ತದೆ. ನಮ್ಮಲ್ಲಿ ಅದು 50 ಹರ್ಟ್ಸ್. ಅಗ್ಗದ ಅಡಾಪ್ಟರಿನಿಂದ ಪೆಡಲಿಗೆ ನುಸುಳುವ ಗುಂಯ್‌ದನಿ ಬಹುಮಟ್ಟಿಗೆ 100. ಕರಿ ಒಂದರ ಕೆಳಗಿನ ಪಂಚಮಗಳಲ್ಲೊಂದು 104ರ ಹತ್ತಿರ ಬರುತ್ತದೆ. ಹಾಡುಗಾರ ಪಂಚಮ ಹಿಡಿದಾಗಲೆಲ್ಲ ಅದಕ್ಕಿಂತ ತುಸು ಇಳಿದ ಒಂದು ಅಪಶ್ರುತಿ ಜೊತೆಗೆ ಮೊರೆಯುತ್ತದೆ. ಪ್ರತಿ ಪೆಡಲಿಗೂ ಪ್ರತ್ಯೇಕವಾದ 9 ವೋಲ್ಟಿನ ಪೂರೈಕೆ ಕೊಟ್ಟರೆ ಇದು ಬಹಳಷ್ಟು ತಗ್ಗುತ್ತದೆ. ಹೊಸ ಫಜ್ ಕೊಳ್ಳುವ ಮೊದಲು ಆ ದುಡ್ಡನ್ನು ಇದಕ್ಕೆ ಹಾಕುವುದು ಲೇಸು.

ಜಾನಪದ ವಿಶ್ವವಿದ್ಯಾಲಯವಿರುವುದು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ. ಶಿಶುನಾಳವೂ ಅದೇ ತಾಲೂಕಿನದು. ಜಾನಪದದ ಸಂಗ್ರಹಕಾರರು ತತ್ವಪದದ ಧ್ವನಿಮುದ್ರಣ ಮಾಡುವಾಗ ಹಾಡುಗಾರರ ಹೆಸರು, ಧಾಟಿ, ತಾಳ ಬರೆದುಕೊಳ್ಳುವುದು ವಾಡಿಕೆ. ಬ್ಯಾಂಡುಗಳು ಶರೀಫರನ್ನು ಹಾಡಿದಾಗ ಅದೇ ಹಾಳೆಯಲ್ಲಿ ಇನ್ನೂ ನಾಲ್ಕು ಸಾಲು ಸೇರಬೇಕು: ಶ್ರುತಿ ಯಾವುದು, ಪೆಡಲುಗಳು ಯಾವ ಕ್ರಮದಲ್ಲಿದ್ದವು, ಡಿಲೇ ಎಷ್ಟು ಮಿಲಿಸೆಕೆಂಡಿನದು, ಪಲ್ಲವಿಯ ಹೊತ್ತಿಗೆ ವಾಲ್ಯೂಮ್ ಪೆಡಲಿನ ಮೇಲೆ ಕಾಲು ಎಲ್ಲಿತ್ತು.