ಉಳಿದದ್ದಕ್ಕೆ ಇಟ್ಟ ಹೆಸರು

ಹಳೆಯ ಅಮೆರಿಕನ್ ವೈದ್ಯಕೀಯ ಪತ್ರಿಕೆಗಳ ಜಾಹೀರಾತುಗಳನ್ನು ನೋಡುತ್ತ ಕೂತಿದ್ದಾಗ ಒಂದು ಚಿತ್ರ ನನ್ನನ್ನು ತಡೆದು ನಿಲ್ಲಿಸಿತು. ಕೈತುಂಬ ಪುಸ್ತಕ ಹಿಡಿದ ಕಾಲೇಜು ಹುಡುಗಿ. ಲಿಬ್ರಿಯಂ ಎಂಬ ಮಾತ್ರೆಗೆ 1960ರ ದಶಕದಲ್ಲಿ ಕೊಟ್ಟ ಜಾಹೀರಾತು ಅದು. ಹೊಸ ಸ್ನೇಹ, ಹೊಸ ಓದು, ಓದಿನಿಂದಾಗಿ ಲೋಕದ ಸ್ಥಿತಿಯ ಬಗ್ಗೆ ಹುಟ್ಟುವ ಚಿಂತೆ, ಇವೆಲ್ಲ ಈ ಹುಡುಗಿಯನ್ನು ಕಳವಳಕ್ಕೆ ನೂಕಬಹುದು ಎಂದು ಅದು ವೈದ್ಯರಿಗೆ ಹೇಳುತ್ತಿತ್ತು. ಓದುವುದನ್ನೂ ರೋಗದ ಪಟ್ಟಿಗೆ ಸೇರಿಸಿದರಲ್ಲ ಅಂತ ಸಿಟ್ಟು ಬಂತು. ಆಮೇಲೆ ನಗುವೂ ಬಂತು. ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿರುವ ನನ್ನ ಬ್ಯಾಗಿನ ಒಳಜೇಬಿನಲ್ಲೂ ಮಾತ್ರೆಯ ಒಂದು ಸ್ಟ್ರಿಪ್ ಇತ್ತು.

ನನಗಿರುವುದಕ್ಕೆ ವೈದ್ಯರು ಬರೆದ ಹೆಸರು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್. ಇಂಥದ್ದೇ ಅಂತ ಒಂದು ಭಯ ಇದರಲ್ಲಿಲ್ಲ. ಗೈಡ್ ಕಳಿಸಿದ ‘ಬಂದು ಕಾಣಿ’ ಎಂಬ ಮೆಸೇಜು, ಊರಿನಿಂದ ಹೊತ್ತಲ್ಲದ ಹೊತ್ತಿಗೆ ಬಂದ ಫೋನು, ಆರಿಸಿದೆನೋ ಇಲ್ಲವೋ ನೆನಪಾಗದ ಗ್ಯಾಸು. ಒಂದು ಮುಗಿದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬೆಳಗ್ಗೆ ಏಳುವಾಗ ದವಡೆ ನೋಯುತ್ತಿರುತ್ತದೆ, ರಾತ್ರಿಯಿಡೀ ಹಲ್ಲು ಕಚ್ಚಿಕೊಂಡೇ ಮಲಗಿರುತ್ತೇನೆ.

ಈ ಹೆಸರು ಹುಟ್ಟಿದ ಬಗೆ ವಿಚಿತ್ರ. 1895ರಲ್ಲಿ ಫ್ರಾಯ್ಡ್ ವಿವರಿಸಿದ ಆತಂಕದ ನ್ಯೂರೋಸಿಸ್‌ನಲ್ಲಿ ದಿಢೀರನೆ ಬಡಿಯುವ ಭಯವೂ ಸದಾ ಕಾಡುವ ಚಿಂತೆಯೂ ಒಟ್ಟಿಗೇ ಇದ್ದವು. ಅವನ್ನು ಬೇರೆ ಮಾಡಿದ್ದು ಒಂದು ಮಾತ್ರೆ. 1960ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಕ್ಲೈನ್, ಖಿನ್ನತೆಗೆ ಬಳಸುತ್ತಿದ್ದ ಇಮಿಪ್ರಮಿನ್ ಎಂಬ ಔಷಧಿಯನ್ನು ತೀವ್ರ ಆತಂಕದ ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಳು ಕಳೆದರೂ ಏನೂ ಗುಣ ಕಾಣುತ್ತಿಲ್ಲ ಅಂದರು ರೋಗಿಗಳು. ವ್ಯತ್ಯಾಸ ಗಮನಿಸಿದ್ದು ನರ್ಸುಗಳು. ಸಾಯುತ್ತಿದ್ದೇನೆ ಎಂದು ದಿನಕ್ಕೆ ಹಲವು ಸಲ ತಮ್ಮ ಬಳಿ ಓಡಿಬರುತ್ತಿದ್ದವರು ಈಗ ಬರುತ್ತಿರಲಿಲ್ಲ! ಭಯದ ದಾಳಿ ನಿಂತಿತ್ತು. ಅದು ಮತ್ತೆ ಬಂದೀತು ಎಂಬ ಚಿಂತೆ ಹಾಗೇ ಇತ್ತು.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೇ ಆವೃತ್ತಿ ತಂದಾಗ ಆ ದಾಳಿಗೆ ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರಾಯಿತು. ಉಳಿದದ್ದಕ್ಕೆ ಇಟ್ಟ ಹೆಸರು ನನ್ನದು. ಚಿಂತೆ ಒಂದು ತಿಂಗಳಿದ್ದರೆ ಸಾಕು ಎಂದು ಆಗ ಬರೆದಿದ್ದರು. 1987ರಲ್ಲಿ ಅದು ಆರು ತಿಂಗಳಾಯಿತು. ತಮಾಷೆಯೆಂದರೆ, 1993ರಲ್ಲಿ ಕಾರ್ಲ್ ರಿಕೆಲ್ಸ್ ಮತ್ತು ಸಂಗಡಿಗರು ಅದೇ ಇಮಿಪ್ರಮಿನ್ ಈ ಉಳಿದ ಚಿಂತೆಗೂ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಇದನ್ನು ಹೇಳಿದಾಗ ಗೆಳೆಯನೊಬ್ಬ, “ನೋಡು, ಎಲ್ಲ ಕಂಪನಿಗಳು ಕಟ್ಟಿದ ರೋಗ” ಅಂದ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸಿದ್ದು, ಒಪ್ಪುತ್ತೇನೆ. ನನ್ನ ದವಡೆಯ ನೋವು ಗೆರೆಯ ಆಚೆಗಿದ್ದರೂ ಈಚೆಗಿದ್ದರೂ ನೋವೇ.

ಮಾತ್ರೆ ಬೇಕೋ ಬೇಡವೋ ಎಂಬ ಜಗಳವೂ ಹಳೆಯದು. 1955ರಲ್ಲಿ ಮಿಲ್‌ಟೌನ್ ಬಂದಾಗ ಅಮೆರಿಕದ ಔಷಧಿ ಅಂಗಡಿಗಳಲ್ಲಿ ದಾಸ್ತಾನು ಸಾಲುತ್ತಿರಲಿಲ್ಲ. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಬಂದವು. 1972ರಲ್ಲಿ ಮನೋವೈದ್ಯ ಜೆರಾಲ್ಡ್ ಕ್ಲರ್ಮನ್ ಈ ಜಗಳದ ಒಂದು ಪಕ್ಷಕ್ಕೆ ‘ಔಷಧೀಯ ಕ್ಯಾಲ್ವಿನ್‌ವಾದ’ ಎಂದು ಹೆಸರಿಟ್ಟರು. ಹಾಯೆನಿಸುವ ಔಷಧಿಯಲ್ಲಿ ಏನೋ ತಪ್ಪು ಇದ್ದೇ ಇರಬೇಕು, ನರಳಿ ಗೆದ್ದರೆ ಮಾತ್ರ ಗೆಲುವು ಎನ್ನುವ ಮಡಿವಂತಿಕೆ ಅದು. ಅಮೆರಿಕಕ್ಕೇ ಏಕೆ, ನಮ್ಮ ಹಾಸ್ಟೆಲಿನಲ್ಲೂ ಇದೆ.

ಈ ಗದ್ದಲದಲ್ಲಿ ಮುಳುಗಿಹೋದ ಒಂದು ವರದಿ ನನ್ನನ್ನು ಈಗಲೂ ಕೆಣಕುತ್ತದೆ. ಲಿಬ್ರಿಯಂ ಮಾರುಕಟ್ಟೆಗೆ ಬಂದ ಮರುವರ್ಷವೇ, 1961ರಲ್ಲಿ, ಲಿಯೋ ಹಾಲಿಸ್ಟರ್ ಮತ್ತು ಸಂಗಡಿಗರು ಅದನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದವರಿಗೆ ಥಟ್ಟನೆ ನಿಲ್ಲಿಸಿದಾಗ ಏನಾಯಿತೆಂದು ಪ್ರಕಟಿಸಿದ್ದರು. ನಿದ್ದೆಗೇಡು, ತಳಮಳ, ಕೆಲವರಿಗೆ ಫಿಟ್ಸ್. ಸೆನೆಟರ್ ಎಡ್ವರ್ಡ್ ಕೆನಡಿ ಇಂಥ ಮಾತ್ರೆಗಳ ಬಗ್ಗೆ ವಿಚಾರಣೆ ನಡೆಸಿದ್ದು 1979ರಲ್ಲಿ. ನಡುವೆ 18 ವರ್ಷ! ಮಾತ್ರೆ ನುಂಗುವವರು ದುರ್ಬಲರೇ ಎಂದು ಅಷ್ಟು ಕಾಲ ಚರ್ಚೆ ನಡೆಯಿತು. ಯಾವುದು, ಎಷ್ಟು ದಿನ, ಬಿಡುವುದು ಹೇಗೆ ಎಂದು ಕೇಳಿದವರು ಕಡಿಮೆ.

ನಾನೂ ಕೇಳಿರಲಿಲ್ಲ. ನನ್ನದು ಎಸ್ಸಿಟಾಲೊಪ್ರಾಮ್, ವ್ಯಾಲಿಯಂನ ವಂಶದ್ದಲ್ಲ. ಚೆನ್ನಾಗಿದ್ದೇನಲ್ಲ ಎಂಬ ಜಂಬದಲ್ಲಿ ಕಳೆದ ವರ್ಷ ಒಂದು ದಿನ ನಿಲ್ಲಿಸಿಬಿಟ್ಟೆ. ಮೂರನೇ ದಿನ ಲೈಬ್ರರಿಯ ಮೆಟ್ಟಿಲ ಮೇಲೆ ತಲೆ ಸುತ್ತಿ, ತಲೆಯೊಳಗೆ ಕರೆಂಟ್ ಹೊಡೆದಂತಾಗಿ ಕೂತೆ. ಕಾಯಿಲೆಯೇ ಮರಳಿತು ಅಂದುಕೊಂಡೆ. ಒಮ್ಮೆಲೇ ಬಿಟ್ಟದ್ದರಿಂದ ಹೀಗಾಯಿತು, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದು ವೈದ್ಯರು ಆಮೇಲೆ ಹೇಳಿದರು. ಬರೆದುಕೊಡುವಾಗಲೇ ಹೇಳಬಹುದಿತ್ತು.

ಅಮ್ಮನಿಗೆ ವಿಷಯ ಗೊತ್ತಾದದ್ದೂ ಆಗಲೇ. “ಇಂಗ್ಲಿಷ್ ಔಷಧಿ ಅಭ್ಯಾಸ ಆಗಿಬಿಡತ್ತೆ ಕಣೇ, ಏನಾದ್ರೂ ನಾರುಬೇರು ಕೊಡಿಸ್ತೀನಿ” ಅಂದಳು. ನಾನು ಸರ್ಪಗಂಧದ ಕಥೆ ಹೇಳಿದೆ. ನಮ್ಮ ಆ ಬೇರಿನಿಂದಲೇ 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ರಿಸರ್ಪಿನ್ ತೆಗೆದದ್ದು, ‘ಟ್ರಾಂಕ್ವಿಲೈಸರ್’ ಎಂಬ ಮಾತು ಅದರ ಜೊತೆಗೇ ಚಾಲ್ತಿಗೆ ಬಂದದ್ದು, ಅದನ್ನು ತೆಗೆದುಕೊಂಡ ಕೆಲವರಿಗೆ ಖಿನ್ನತೆ ಬಂತೆಂಬ ವರದಿಗಳು. ಅಮ್ಮ ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿದಳು.

“ಹಾಗಾದ್ರೆ ಬೇರೂ ಔಷಧೀನೇ ಅನ್ನು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಎಷ್ಟು ದಿನ ತಗೋಬೇಕು ಅಂತ ಕೇಳಿದ್ಯಾ ಡಾಕ್ಟ್ರನ್ನ?”

ಸದ್ಯಕ್ಕೆ ಮಾತ್ರೆ ನಡೆಯುತ್ತಿದೆ. ಮುಂದಿನ ತಿಂಗಳ ಭೇಟಿಗೆಂದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲನೆಯದು ಅಮ್ಮನದು.