ಸ್ಲಾಷರ್ ಸಿನಿಮಾ: ಕನ್ನಡ ತೆರೆಯ ಮೇಲೆ, ರಾಯಚೂರಿನ ಬಯಲಿನಿಂದ

ಒಬ್ಬ ಕೊಲೆಗಾರ ಒಂದು ಗುಂಪಿನವರನ್ನು ಒಬ್ಬರಾದ ಮೇಲೊಬ್ಬರಂತೆ, ಹರಿತವಾದ ಆಯುಧದಿಂದ ಕೊಲ್ಲುತ್ತ ಹೋಗುವ ಭಯಾನಕ ಚಿತ್ರಕ್ಕೆ ಸ್ಲಾಷರ್ ಎಂದು ಹೆಸರು. ಸಾಯುವವರು ಹೆಚ್ಚಾಗಿ ಹದಿನೇಳರಿಂದ ಇಪ್ಪತ್ತರೊಳಗಿನವರು. ನೋಡಲು ಬರುವವರೂ ಅದೇ ವಯಸ್ಸಿನವರು. ಕತೆಯ ದಾರಿ ಮೊದಲೇ ಗೊತ್ತು. ಹಿಂದೆಂದೋ ಒಂದು ತಪ್ಪು ನಡೆದಿರುತ್ತದೆ. ಹುಡುಗ ಹುಡುಗಿಯರ ಗುಂಪು ಊರಾಚೆಯ ಒಂದು ಜಾಗಕ್ಕೆ ಹೊರಡುತ್ತದೆ. ಅಲ್ಲಿಗೆ ಹೋಗಬೇಡಿ ಎನ್ನುವ ಮುದುಕನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಒಬ್ಬ ಬೇರೆಯಾಗುತ್ತಾನೆ, ಸಾಯುತ್ತಾನೆ. ಅವನನ್ನು ಹುಡುಕಹೋದವಳೂ ಮರಳುವುದಿಲ್ಲ. ಕಡೆಗೆ ಒಬ್ಬಳು ಉಳಿದು ಕೊಲೆಗಾರನನ್ನು ಎದುರಿಸುತ್ತಾಳೆ.

ಮಕ್ಕಳ ಕಣ್ಣಾಮುಚ್ಚಾಲೆಗೂ ಇದಕ್ಕೂ ಹತ್ತಿರದ ನಂಟಿದೆ. ಎಣಿಸುವವನೊಬ್ಬ, ಅಡಗುವವರು ಹಲವರು. ಅಡಗಿದ ಜಾಗ ಪ್ರೇಕ್ಷಕನಿಗೆ ಗೊತ್ತಿರುತ್ತದೆ, ಕೂಗಿ ಹೇಳಲಾಗುವುದಿಲ್ಲ. ಚಿತ್ರದ ಕಸುವೆಲ್ಲ ಆ ಸಂಕಟದಲ್ಲಿದೆ.

ಅಮೆರಿಕದಲ್ಲಿ ಈ ಸೂತ್ರವನ್ನು ಗಟ್ಟಿಮಾಡಿದ್ದು ಜಾನ್ ಕಾರ್ಪೆಂಟರ್ ನಿರ್ದೇಶಿಸಿದ 1978ರ 'ಹ್ಯಾಲೋವೀನ್'. ಅದರ ವೆಚ್ಚ ಮೂರು ಲಕ್ಷ ಡಾಲರ್‌ಗಿಂತ ತುಸು ಹೆಚ್ಚು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿನೊಳಗೆ ಸಿಕ್ಕ ರಬ್ಬರ್ ಮುಖ. 'ಸ್ಟಾರ್ ಟ್ರೆಕ್' ನಟ ವಿಲಿಯಂ ಶಾಟ್ನರ್ ಹೋಲಿಕೆಯ ಅದಕ್ಕೆ ಬಿಳಿ ಬಣ್ಣ ಬಳಿದರು. ಪಿಯಾನೊದ ಸ್ವರಗಳನ್ನು ನಿರ್ದೇಶಕನೇ ಕೂಡಿಸಿದ. ಎರಡು ವರ್ಷಗಳ ನಂತರ ಬಂದ 'ಫ್ರೈಡೇ ದ ಥರ್ಟೀಂತ್' ಅದೇ ಲೆಕ್ಕವನ್ನು ಬೇಸಿಗೆ ಶಿಬಿರಕ್ಕೆ ಒಯ್ದಿತು. ಅಲ್ಲಿಂದ ಮುಂದೆ ಜಾಗ ಬದಲಾದವು, ಆಯುಧ ಬದಲಾದವು, ಎಣಿಕೆ ಬದಲಾಗಲಿಲ್ಲ. 1996ರಲ್ಲಿ ವೆಸ್ ಕ್ರೇವನ್ ಅವರ 'ಸ್ಕ್ರೀಮ್' ಬಂದಾಗ, ಅದರ ಪಾತ್ರಗಳೇ ಇಂಥ ಚಿತ್ರಗಳ ನಿಯಮಗಳನ್ನು ಬಾಯಿಪಾಠ ಒಪ್ಪಿಸಿದವು.

ಈ ಪ್ರಕಾರದ ಮೊದಲ ಬಲ ಅದರ ಕಡಿಮೆ ವೆಚ್ಚದಲ್ಲಿದೆ. ತಾರೆ ಬೇಡ, ದೊಡ್ಡ ಸೆಟ್ ಬೇಡ. ಒಂದು ಮನೆ, ಒಂದು ರಾತ್ರಿ, ಐದಾರು ಹೊಸ ಮುಖಗಳು ಸಾಕು. ಹಣವಿಲ್ಲದ ನಿರ್ದೇಶಕ ಬೆಳಕು, ಸದ್ದು, ಕತ್ತರಿ ಈ ಮೂರನ್ನೇ ನಂಬಬೇಕಾಗುತ್ತದೆ. ಬಾಗಿಲನ್ನು ಎಷ್ಟು ಹೊತ್ತು ತೋರಿಸಿದರೆ ನೋಡುವವನ ಎದೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಅವನು ಇಲ್ಲಿ ಕಲಿಯುತ್ತಾನೆ. ಸೂತ್ರ ಗೊತ್ತಿರುವುದರಿಂದ ಪ್ರೇಕ್ಷಕನೂ ಆಟದಲ್ಲಿ ಪಾಲುದಾರ. ಸಿದ್ಧಸೂತ್ರ ಎಂಬ ಮಾತನ್ನು ಬೈಗುಳದಂತೆ ಬಳಸುವವರು ಇದನ್ನು ಮರೆಯುತ್ತಾರೆ.

ಕನ್ನಡದ ಓದುಗರಿಗೆ ಈ ಬಗೆಯ ರುಚಿ ಹೊಸದಲ್ಲ. ಎನ್. ನರಸಿಂಹಯ್ಯ ಅವರ ನೂರಾರು ಪತ್ತೇದಾರಿ ಕಾದಂಬರಿಗಳು ಕೊಲೆ, ಗುಮಾನಿ, ಬಯಲಾಗುವ ಗುಟ್ಟು ಎಂಬ ಮೂರು ಮೆಟ್ಟಿಲುಗಳ ಮೇಲೆಯೇ ನಡೆದವು, ಕೈಯಿಂದ ಕೈಗೆ ದಾಟಿದವು. ಚಿತ್ರರಂಗದಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 1979ರ 'ನಾ ನಿನ್ನ ಬಿಡಲಾರೆ' ದೆವ್ವದ ಕತೆಗೆ ದಾರಿ ಮಾಡಿತು. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ 'ತರ್ಕ' ಮಾಡಿದರು. ಶಂಕರ್‌ನಾಗ್ ಇದ್ದ ಆ ಚಿತ್ರದಲ್ಲಿ ಒಂದು ಹಾಡೂ ಇರಲಿಲ್ಲ. ಹಾಡು ಬಿಟ್ಟರೆ ಬಿಗಿ ಉಳಿಯುತ್ತದೆ ಎಂದು ತೋರಿಸಿದ್ದು ಅದರ ದೊಡ್ಡ ಕಾಣಿಕೆ.

ಸ್ಲಾಷರ್‌ಗೆ ಇನ್ನೂ ಹತ್ತಿರ ಬಂದವರು ಉಪೇಂದ್ರ. 1993ರ 'ಶ್!' ಅವರ ನಿರ್ದೇಶನದ ಎರಡನೆಯ ಚಿತ್ರ. ಕುಮಾರ್ ಗೋವಿಂದ್, ಕಾಶೀನಾಥ್ ನಟಿಸಿದ್ದರು, ಸಾಧು ಕೋಕಿಲ ಸಂಗೀತ ನಿರ್ದೇಶಕರಾಗಿ ಪರಿಚಯವಾದದ್ದು ಇಲ್ಲಿಯೇ. ದೆವ್ವದ ಸಿನಿಮಾ ತೆಗೆಯಲು ಹೋದ ತಂಡವೇ ಕೊಲೆಗಳಿಗೆ ಸಿಕ್ಕಿಬೀಳುತ್ತದೆ. ಯಾವ ಕಿರುಚಾಟ ನಟನೆ, ಯಾವುದು ನಿಜ ಎಂದು ತಂಡದವರಿಗೂ ತಿಳಿಯದು, ಪ್ರೇಕ್ಷಕನಿಗೂ ತಿಳಿಯದು. ಭಯದ ಚಿತ್ರದೊಳಗೆ ಭಯದ ಚಿತ್ರವನ್ನಿಟ್ಟು ಆಡಿದ ಈ ಆಟ 'ಸ್ಕ್ರೀಮ್'ಗಿಂತ ಮೂರು ವರ್ಷ ಹಿಂದಿನದು. ಇದಕ್ಕೆ ಸಲ್ಲಬೇಕಾದ ಮನ್ನಣೆ ಕನ್ನಡದಾಚೆ ಇನ್ನೂ ಸಂದಿಲ್ಲ.

ಹತ್ತು ಮಂದಿಯನ್ನು ಒಂದು ದ್ವೀಪಕ್ಕೆ ಕರೆತರುವ ಕೆ.ಎಂ. ಚೈತನ್ಯ ಅವರ 'ಆಟಗಾರ' (2015) ಅಗಾಥಾ ಕ್ರಿಸ್ಟಿಯ 1939ರ ಕಾದಂಬರಿಯಿಂದ ಹಿಂದಿಯ 'ಗುಮ್‌ನಾಮ್' (1965) ತನಕ ಹರಿದುಬಂದ ಕವಲಿಗೆ ಸೇರಿದ್ದು. ಅಲ್ಲಿರುವವರು ಹರೆಯದವರಲ್ಲ.

ಹರೆಯದ ಗುಂಪು, ಕಾಡು, ಒಬ್ಬೊಬ್ಬರ ಸಾವು ಎಂಬ ಲೆಕ್ಕವನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದ ಚಿತ್ರ ಕೆ.ಎಸ್. ಅಶೋಕ ಅವರ '6-5=2'. 2013ರ ನವೆಂಬರ್ ಕೊನೆಗೆ ತೆರೆಕಂಡಿತು. ಆರು ಗೆಳೆಯರು ಪಶ್ಚಿಮಘಟ್ಟದಲ್ಲಿ ಚಾರಣಕ್ಕೆ ಹೊರಡುತ್ತಾರೆ, ಅವರಲ್ಲೊಬ್ಬನ ಕೈಯಲ್ಲಿ ಕ್ಯಾಮೆರಾ. ನಂತರ ಕಾಡಿನಲ್ಲಿ ಸಿಕ್ಕ ಆ ಕ್ಯಾಮೆರಾದ ದೃಶ್ಯಗಳೇ ಸಿನಿಮಾ ಎಂಬುದು ಕಟ್ಟುಕತೆ. 1999ರ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' ತೋರಿಸಿದ ಹಾದಿ ಇದು. ಕನ್ನಡದ ಮಟ್ಟಿಗೆ ಹೊಸದಾಗಿದ್ದ ಈ ಪ್ರಯೋಗವನ್ನು ನಡೆದ ಘಟನೆ ಎಂದೇ ಪ್ರಚಾರ ಮಾಡಿದರು, ಜನ ಹುಡುಕಿಕೊಂಡು ಬಂದು ನೋಡಿದರು. 2014ರಲ್ಲಿ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು.

ಅದರ ಗೆಲುವು ಮುಖಗಳಲ್ಲಿದೆ. ತೆರೆಯ ಮೇಲಿದ್ದವರು ತಾರೆಯರಲ್ಲದ್ದರಿಂದ ಯಾರು ಉಳಿಯುತ್ತಾರೆಂದು ಊಹಿಸಲು ಆಧಾರವಿರಲಿಲ್ಲ. ಮೊದಲ ಭಾಗದ ತುಂಬ ಹರಟೆ, ಕಾಲೆಳೆಯುವುದು, ಊಟದ ಜಗಳ. ಬಹಳ ಎಳೆದಿದ್ದಾರೆ ಎಂದು ಆಗ ದೂರಿದವರಿದ್ದಾರೆ. ಆದರೆ ದಪ್ಪ ಮೈಯ ಗೆಳೆಯ ಏದುಸಿರು ಬಿಡುತ್ತ ಬೆಟ್ಟ ಹತ್ತುವುದನ್ನು ಅಷ್ಟು ಹೊತ್ತು ನೋಡಿದ್ದರಿಂದಲೇ, ಕತ್ತಲಾದ ಮೇಲೆ ಅವನ ಭಯ ನಮ್ಮದಾಗುತ್ತದೆ. ಎಳೆದದ್ದು ದೋಷವಲ್ಲ, ಬಂಡವಾಳ. ದೋಷ ಬೇರೆ ಕಡೆ ಇದೆ: ಗುಂಪಿನ ಹುಡುಗಿಯರಿಗೆ ಹೆದರುವುದನ್ನು ಬಿಟ್ಟು ಹೆಚ್ಚು ಕೆಲಸವಿಲ್ಲ, ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕ ಹಲವು ಕಡೆ ಭಯಕ್ಕಿಂತ ತಲೆನೋವು ತರುತ್ತದೆ.

ಇನ್ನೊಂದು ಗಮನಿಸಬೇಕಾದ ಸಂಗತಿ: ಇಲ್ಲಿ ಕೊಲ್ಲುವುದು ಕತ್ತಿ ಹಿಡಿದ ಮನುಷ್ಯನಲ್ಲ, ಕಾಡಿನ ಕಾಣದ ಶಕ್ತಿ. ಕನ್ನಡಕ್ಕೆ ಬರುವಾಗ ಸ್ಲಾಷರ್ ಹೀಗೆ ವೇಷ ಬದಲಿಸುತ್ತದೆ. ಕೊಲೆಗಾರನ ಜಾಗದಲ್ಲಿ ದೆವ್ವ ಬರುತ್ತದೆ, ಇಲ್ಲವೇ ಅನ್ಯಾಯಕ್ಕೆ ಸೇಡು ತೀರಿಸುವವನು ಬರುತ್ತಾನೆ. ಪುರಾಣ ಕೇಳಿ, ಬಯಲಾಟ ನೋಡಿ ಬೆಳೆದವರು ಸಾವಿಗೊಂದು ಕಾರಣ ಕೇಳುತ್ತಾರೆ. ಆದ್ದರಿಂದ ಫ್ಲ್ಯಾಶ್‌ಬ್ಯಾಕ್ ತಪ್ಪುವುದಿಲ್ಲ. ಇದರಿಂದ ಕತೆಗೆ ನ್ಯಾಯದ ತೂಕ ಬರುತ್ತದೆ, ಅಷ್ಟೇ ಭಯ ಸೋರಿಹೋಗುತ್ತದೆ. 'ಹ್ಯಾಲೋವೀನ್'ನ ಕೊಲೆಗಾರ ಯಾಕೆ ಕೊಲ್ಲುತ್ತಾನೆಂದು ತಿಳಿಯದಿರುವುದರಲ್ಲೇ ಅವನ ಭೀಕರತೆ ಇತ್ತು.

ಈ ಪ್ರಕಾರದ ನಿಜವಾದ ಕೊರತೆ ಸಾಯುವವರನ್ನು ಅಂಕಿಯಾಗಿಸುವುದು. ಹೆಸರು ನೆನಪಾಗುವ ಮೊದಲೇ ಹೆಣ ಬೀಳುತ್ತದೆ, ಯಾರೂ ಅಳುವುದಿಲ್ಲ, ಮುಂದಿನ ಸರದಿ ಬರುತ್ತದೆ. 1987ರ ಪ್ರಬಂಧವೊಂದರಲ್ಲಿ ಅಮೆರಿಕದ ವಿದ್ವಾಂಸೆ ಕ್ಯಾರಲ್ ಜೆ. ಕ್ಲೋವರ್ ಕೊನೆಗೆ ಉಳಿಯುವವಳಿಗೆ 'ಫೈನಲ್ ಗರ್ಲ್' ಎಂದು ಹೆಸರಿಟ್ಟರು. ಪ್ರೀತಿ, ಪ್ರಣಯದಿಂದ ದೂರವಿದ್ದವಳು ಬದುಕುತ್ತಾಳೆ, ಉಳಿದವರಿಗೆ ಶಿಕ್ಷೆ. ಹುಡುಗರ ಜೊತೆ ಹೊರಗೆ ಹೋದ ಮಗಳ ಮೇಲೆ ಊರೆಲ್ಲ ಕಣ್ಣಿಡುವ ಕಡೆ ಈ ಸೂತ್ರ ಬರೀ ಮನರಂಜನೆಯಾಗಿ ಉಳಿಯುವುದಿಲ್ಲ. ಮನೆಯಲ್ಲಿ ಹೇಳುವ ಬೆದರಿಕೆಗೆ ಅದು ಸಾಕ್ಷಿ ನುಡಿದಂತಾಗುತ್ತದೆ.

ಲೋಯಿಸ್ ಡಂಕನ್ ಎಂಬ ಲೇಖಕಿಯ ಅನುಭವ ಇದಕ್ಕಿಂತ ಕಹಿಯಾದದ್ದು. ಆಕೆ 1973ರಲ್ಲಿ ಹರೆಯದ ಓದುಗರಿಗಾಗಿ ಬರೆದ ಕಾದಂಬರಿ 1997ರಲ್ಲಿ 'ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್' ಎಂಬ ಸ್ಲಾಷರ್ ಆಯಿತು. ಹಿಂದಿಯ 'ಕುಛ್ ತೋ ಹೈ' (2003) ಅದೇ ಕತೆಯ ನೆರಳು. ಮೂಲದಲ್ಲಿದ್ದದ್ದು ಅಪರಾಧಪ್ರಜ್ಞೆಯ ಕತೆ. ಸಿನಿಮಾ ಅದಕ್ಕೆ ಕೊಕ್ಕೆ ಹಿಡಿದ ಕೊಲೆಗಾರನನ್ನೂ ಸಾಲು ಹೆಣಗಳನ್ನೂ ಸೇರಿಸಿತು. ಡಂಕನ್ ಅವರ ಹದಿನೆಂಟರ ಮಗಳು 1989ರಲ್ಲಿ ಕೊಲೆಯಾಗಿದ್ದಳು. ತಮ್ಮ ಪುಸ್ತಕ ಹೀಗೆ ಬದಲಾದದ್ದನ್ನು ಆ ತಾಯಿ ಒಪ್ಪಲಿಲ್ಲ.

ಭಾರತದಲ್ಲಿ ಇನ್ನೊಂದು ತೊಡಕಿದೆ. ರಕ್ತ ಹೆಚ್ಚಾದರೆ ಸೆನ್ಸಾರ್ ಮಂಡಳಿ 'ಎ' ಪ್ರಮಾಣಪತ್ರ ಕೊಡುತ್ತದೆ. ಹದಿನೆಂಟು ತುಂಬದವರಿಗೆ ಚಿತ್ರಮಂದಿರದಲ್ಲಿ ಪ್ರವೇಶವಿಲ್ಲ. ಅಮೆರಿಕದ 'ಆರ್' ದರ್ಜೆಯಲ್ಲಿ ದೊಡ್ಡವರ ಜೊತೆ ಹೋದರೆ ಬಿಡುತ್ತಾರೆ. ಹೀಗಾಗಿ ಹರೆಯದವರ ಕುರಿತ ಚಿತ್ರವನ್ನು ಹರೆಯದವರಿಗೇ ತೋರಿಸಲು ಇಲ್ಲಿ ನಿರ್ಮಾಪಕರು ಕತ್ತಿಯನ್ನು ಮರೆಮಾಡಿ ದೆವ್ವವನ್ನು ಮುಂದಿಡುತ್ತಾರೆ.

ಕನ್ನಡದ ಭಯಕ್ಕೆ ಜಾಗವೂ ಒಂದೇ ಆಗಿಬಿಟ್ಟಿದೆ: ಮಲೆನಾಡು. ಮಳೆ, ಮಂಜು, ಎಸ್ಟೇಟ್ ಬಂಗಲೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಯ ಹುಡುಗರು ಈ ಚಿತ್ರಗಳನ್ನು ನೋಡುವುದು ತಮ್ಮದಲ್ಲದ ಕಾಡಿನಲ್ಲಿ. ಇಲ್ಲಿರುವುದು ಎರೆಹೊಲ, ಗುಂಡುಗಲ್ಲಿನ ಗುಡ್ಡ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಅಡಗಲು ಮರವಿಲ್ಲ, ನಿಜ. ಆದರೆ ರಾತ್ರಿ ಹೊತ್ತು ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ದಾರಿಯಲ್ಲಿ ಒಬ್ಬರೇ ನಡೆದವರಿಗೆ ಬಯಲಿನ ಭಯ ಏನೆಂದು ಗೊತ್ತು: ಎಲ್ಲ ದಿಕ್ಕೂ ತೆರೆದಿದ್ದು ಓಡಲು ಒಂದೂ ಜಾಗವಿಲ್ಲದಿರುವುದು. ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿ.ಮೀ., ದೇವದುರ್ಗಕ್ಕೆ ಇನ್ನೂ ಹತ್ತು ಹೆಚ್ಚು. ಕಾಲೇಜು ಮುಗಿಸಿ ಊರಿಗೆ ಮರಳುವವರಿಗೆ ಕೊನೆಯ ಬಸ್ಸು ತಪ್ಪುವುದೇ ಕತೆಯ ಆರಂಭವಾಗಬಲ್ಲದು. ಅಮೆರಿಕದ ಚಿತ್ರಗಳಲ್ಲಿ ಕೆಟ್ಟುನಿಲ್ಲುವ ಕಾರಿಗಿಂತ ಅದು ನಂಬುವಂಥದ್ದು.

ಮುಖವಾಡದ ವಿಷಯದಲ್ಲಿ ಮಾತ್ರ ಎರವಲು ತಂದ ಸೂತ್ರ ಇಲ್ಲಿ ನಡೆಯುವುದು ಕಷ್ಟ. ಜಿಲ್ಲೆಯ ಮುದಗಲ್‌ನ ಮೊಹರಂ ಹೆಸರುವಾಸಿ. ಹಳ್ಳಿಹಳ್ಳಿಯಲ್ಲೂ ಅಲಾಯಿ ಕುಣಿಯ (ಬೆಂಕಿಗುಂಡಿಯ) ಸುತ್ತ ಹಿಂದೂ ಮುಸ್ಲಿಮರು ಒಟ್ಟಿಗೆ ಸೇರುತ್ತಾರೆ, ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಬಣ್ಣದ ಕೆಳಗಿರುವುದು ಯಾರ ಮಗ ಎಂದು ನೋಡುವ ಕೂಸಿಗೂ ಗೊತ್ತು. ವೇಷ ಇಲ್ಲಿ ಭಕ್ತಿಯ ಗುರುತು. ಗುರುತೇ ಸಿಗದ ಮುಖದಿಂದ ಭಯ ಹುಟ್ಟಿಸಬೇಕೆನ್ನುವವರು ಬೇರೆ ಉಪಾಯ ಹುಡುಕಬೇಕು.

ಈ ನೆಲದಿಂದ ಸಿನಿಮಾ ಬಾರದೇನಿಲ್ಲ. ಎಸ್.ಎಸ್. ರಾಜಮೌಳಿ 1973ರಲ್ಲಿ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಅಮರೇಶ್ವರ ಕ್ಯಾಂಪಿನಲ್ಲಿ. ಸತ್ತವನು ನೊಣವಾಗಿ ಹುಟ್ಟಿಬಂದು ಸೇಡು ತೀರಿಸುವ ಅವರ 'ಈಗ' (2012) ಹಳೆಯ ಸೂತ್ರವನ್ನೇ ಹಿಡಿದು ಹೊಸದಾಗಿ ನಿಂತಿತು. ಖಳನಾಗಿ ಕನ್ನಡದ ಸುದೀಪ್ ಇದ್ದರು. ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟ ತಂದೆ ಮಗನ ಕತೆ ಹೇಳುವ ಉತ್ಸವ್ ಗೋನವಾರ ಅವರ 'ಫೋಟೋ' (2024) ರಾಯಚೂರು ಕಡೆಯ ಬದುಕನ್ನೂ ಮಾತನ್ನೂ ಹಾಸ್ಯಕ್ಕೆ ಬಳಸದೆ ತೆರೆಗೆ ತಂದಿತು.

ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವ ಮಾನ್ವಿ, ದೇವದುರ್ಗದ ಹುಡುಗರಿಗೆ ಸ್ಲಾಷರ್ ಒಳ್ಳೆಯ ಮೊದಲ ಪಾಠ. ಅವರು ಆರು ಪಾತ್ರ ಬರೆಯುವಾಗ ಆರಕ್ಕೂ ಒಂದು ಊರು, ಒಂದು ಮನೆ, ಕೊನೆಯ ಬಸ್ಸಿಗೆ ಕಾದು ಕೂತ ಒಬ್ಬ ಅವ್ವನನ್ನು ಕೊಡಲಿ.