ಹೊಳೆ ದಡದಲ್ಲಿ ಸೈಕಲ್ ಎಲ್ಲಿವರೆಗೆ?

ಮಳವಳ್ಳಿ ಸೀಮೆಯಲ್ಲಿ ಸೈಕಲ್ ಪ್ರವಾಸದ ವಾಹನವಾದದ್ದು ತೀರಾ ಈಚೆಗೆ. ಅದಕ್ಕೆ ಮುಂಚೆ ಅದು ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ, ಕ್ಯಾರಿಯರ್ ಮೇಲೊಂದು ಮಗು, ಎಲ್ಲವನ್ನೂ ಹೊತ್ತು ನಾಲೆ ಏರಿಯ ಮೇಲೆ ಸಾಗುತ್ತಿದ್ದ ಬಡವರ ಬಂಡಿ. ಈಗ ಭಾನುವಾರ ಬೆಳಗ್ಗೆ ಹೆಲ್ಮೆಟ್ಟು, ಬಿಗಿ ಚಡ್ಡಿ ತೊಟ್ಟವರು ಕನಕಪುರ ರಸ್ತೆಯಲ್ಲಿ ಹಲಗೂರಿನವರೆಗೆ ಬಂದು ಟೀ ಕುಡಿಯುತ್ತಾರೆ. ಇವರನ್ನು ಕಾವೇರಿಯ ಜೊತೆಜೊತೆಗೆ ಗಡಿಯಾಚೆಯ ಹೊಗೇನಕಲ್‌ವರೆಗೆ ಕಳಿಸಬಹುದೇ?

ಈ ಹೊಳೆಯನ್ನು ದಾಟುವ ಹಂಬಲ ಹಳೆಯದು. ಶಿವನಸಮುದ್ರದಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲೇ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ ಕಲ್ಲುಕಂಬಗಳ ಸೇತುವೆ ಕಟ್ಟಿಸಿದರು. ಜನ ವೆಸ್ಲಿ ಸೇತುವೆ ಎನ್ನುವ ಅದು 2018ರ ಪ್ರವಾಹದಲ್ಲಿ ಜಖಂಗೊಂಡಿತು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಕಳಿಸಿದರು. ಮಳವಳ್ಳಿ ಕಡೆಗೆ ಗಗನಚುಕ್ಕಿ, ಕೊಳ್ಳೇಗಾಲ ಕಡೆಗೆ ಭರಚುಕ್ಕಿ. ಪ್ರವಾಸಿಗರು ಇವೆರಡನ್ನು ನೋಡಿ ಹಿಂದಿರುಗುತ್ತಿದ್ದರೇ ಹೊರತು ಅಲ್ಲಿಂದ ಕೆಳಗಿನ ಹೊಳೆಯ ಗೊಡವೆಗೆ ಹೋಗುತ್ತಿರಲಿಲ್ಲ.

ಹೋದವರು ಗಾಳದವರು. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್ ಮೀನುಗಾರಿಕೆ ಶಿಬಿರ ನಡೆಸಿತು. ಬಿಳಿಮೀನು ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುವ ಆಟ. ಮದ್ದು ಸಿಡಿಸಿ ಮೀನು ಕೊಲ್ಲುತ್ತಿದ್ದ ಊರುಗಳ ಕೆಲವರು ಶಿಬಿರದಲ್ಲಿ ಸಂಬಳಕ್ಕೆ ಸೇರಿ ಕಾವಲುಗಾರರಾದರು. ಸುಸ್ಥಿರ ಪ್ರವಾಸೋದ್ಯಮ ಎಂಬ ಮಾತು ಈ ಕಡೆ ಕಿವಿಗೆ ಬೀಳುವ ಮೊದಲೇ ಅದು ನಡೆದುಹೋಗಿತ್ತು. ಈ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು, 2013ರಲ್ಲಿ ವಿಸ್ತರಣೆಗೊಂಡು ಸಾವಿರ ಚದರ ಕಿ.ಮೀ. ದಾಟಿತು. ಕಾಯಿದೆ ಬಿಗಿಯಾದಂತೆ ಗಾಳ ನಿಂತಿತು. ಅದೇ ಬಿಳಿಮೀನಿನ ಕಾವೇರಿ ತಳಿ, ಬೆನ್ನುಗೂನಿನ ಮಹಶೀರ್, 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು.

ಕಾವೇರಿಗೆ ಸೇರುವ ಶಿಂಷಾ ಹೊಳೆಯ ದಡದ ಕಥೆ ಬೇರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು. ಬೇಲಿಯಿಲ್ಲ, ಗೇಟಿಲ್ಲ, ಗೂಡಿನಿಂದ ಬಿದ್ದ ಮರಿ ಎತ್ತಿ ಸಾಕುವುದೂ ಊರವರೇ. ಸೈಕಲ್ ತುಳಿದುಕೊಂಡು ಬರುವವನಿಗೆ ಹೇಳಿಮಾಡಿಸಿದ ಜಾಗ: ಸದ್ದಿಲ್ಲದೆ ಬರಬಹುದು, ಸದ್ದಿಲ್ಲದೆ ಹೋಗಬಹುದು.

ಗಡಿಯ ಕಾಡಂತೂ ಬಹುಕಾಲ ಯಾರಿಗೂ ಬೇಡವಾಗಿತ್ತು. 2004ರಲ್ಲಿ ಕಾಡುಗಳ್ಳ ವೀರಪ್ಪನ್ ಸಾಯುವ ತನಕ ಅವನ ಊರು ಗೋಪಿನಾಥಂ ಎಂದರೆ ಎಸ್‌ಟಿಎಫ್ ಜೀಪು, ಅಷ್ಟೇ. ಮುಂದೆ ಅಲ್ಲಿಗೂ ಪ್ರವಾಸಿಗರು ಬಂದರು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ, ಆಚೆ ತಮಿಳುನಾಡಿನಲ್ಲಿ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಅಭಯಾರಣ್ಯಗಳು ಘೋಷಣೆಯಾದವು. ಕಾಗದದ ಮೇಲೆ ಎರಡೂ ದಡಗಳಿಗೆ ರಕ್ಷಣೆ ಸಿಕ್ಕಿದೆ. ಆದರೆ ದಡಕ್ಕೊಂದು ಇಲಾಖೆ, ದಡಕ್ಕೊಂದು ಪರವಾನಗಿ.

ಸೈಕಲ್ಲಿನವರು ಗಡಿ ದಾಟುವುದನ್ನು ಬೇರೆ ದಾರಿಯಲ್ಲಿ ಕಲಿತರು. 2008ರಲ್ಲಿ ಶುರುವಾದ 'ಟೂರ್ ಆಫ್ ನೀಲಗಿರೀಸ್' ಕರ್ನಾಟಕ, ತಮಿಳುನಾಡು, ಕೇರಳವನ್ನು ಒಂದೇ ಸುತ್ತಿನಲ್ಲಿ ಕಟ್ಟಿತು. 2017ರಲ್ಲಿ ಮೈಸೂರಿನ 'ಟ್ರಿಣ್ ಟ್ರಿಣ್' 450 ಬಾಡಿಗೆ ಸೈಕಲ್‌ಗಳನ್ನು ಬೀದಿಗಿಳಿಸಿತು. ಇತ್ತ ರಸ್ತೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳತೊಡಗಿದವು. 2009ರಲ್ಲಿ ಬಂಡೀಪುರದಲ್ಲಿ, 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಂತಿತು. ಪ್ರಾಣಿಗಳ ಪಾಲಿಗೆ ಒಳ್ಳೆಯದೇ ಆಯಿತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲನ್ನೂ ಹೊರಗಟ್ಟಿದ್ದು ಮಾತ್ರ ಬೇರೆ ಲೆಕ್ಕ. ಆ ರಸ್ತೆಗೆ ಹೊಲ ಬಿಟ್ಟುಕೊಟ್ಟ ಮಂಡ್ಯದ ರೈತ ಇಂದು ಸರ್ವಿಸ್ ರಸ್ತೆಯಲ್ಲೇ ಪೆಡಲ್ ತುಳಿಯಬೇಕು.

ಯುರೋಪಿನಲ್ಲಿ ಇದೇ ಕನಸು ನನಸಾಗಿದೆ. ಮುರಾ, ದ್ರಾವಾ, ಡ್ಯಾನ್ಯೂಬ್ ನದಿಗಳ ದಡದಲ್ಲಿ ಆಸ್ಟ್ರಿಯಾದಿಂದ ಸರ್ಬಿಯಾವರೆಗೆ ಐದು ದೇಶಗಳಲ್ಲಿ ಸುಮಾರು 1250 ಕಿ.ಮೀ. ಸೈಕಲ್ ದಾರಿಯಿದೆ. ಆ ಪ್ರದೇಶವನ್ನು ಯುನೆಸ್ಕೊ 2021ರಲ್ಲಿ ಐದು ದೇಶಗಳ ಒಂದೇ ಜೀವಗೋಳ ಮೀಸಲು ಎಂದು ಮಾನ್ಯ ಮಾಡಿತು. ಇದೇ ದಡದ ಕ್ರೊಯೇಷಿಯಾ, ಸರ್ಬಿಯಾಗಳ ನಡುವೆ 1991ರಲ್ಲಿ ಫಿರಂಗಿ ಸಿಡಿಯುತ್ತಿತ್ತು. ನಮ್ಮಲ್ಲಿ ಕಾವೇರಿ ನೀರಿನ ಗಲಾಟೆಗೆ ಬಸ್ಸುಗಳು ಹೊತ್ತಿ ಉರಿದದ್ದೂ ಅದೇ ವರ್ಷ. ಅವರ ದಾರಿ ಆಗಿದೆ. ನಮ್ಮಲ್ಲಿ 2016ರಲ್ಲೂ 2023ರಲ್ಲೂ ಮಳೆ ಕೈಕೊಟ್ಟಾಗ ಮಂಡ್ಯದಲ್ಲಿ ರಸ್ತೆತಡೆ, ಗಡಿಯಲ್ಲಿ ಬಸ್ಸು ಬಂದ್.

ಹಾಗೆಂದು ಅವರನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ದ್ರಾವಾ ದಡದಲ್ಲಿ ಆನೆಯಿಲ್ಲ. ನಮ್ಮಲ್ಲಿದೆ. ಹಲಗೂರಿನಿಂದ ಹೊಳೆಗಿಳಿಯುವ ಮುತ್ತತ್ತಿಯ ಕಾಡುರಸ್ತೆಗೆ ಸೈಕಲ್ ಬಿಡುವುದು ನನ್ನ ಮಟ್ಟಿಗೆ ತಪ್ಪು. ಆನೆ ಮುಂದೆ ಸೈಕಲ್ಲಿನವನಿಗೆ ರಿವರ್ಸ್ ಗೇರಿಲ್ಲ. ಹಲಗೂರಿನಲ್ಲೇ ಸೈಕಲ್ ನಿಲ್ಲಿಸಿ ಬಸ್ಸು ಹತ್ತಲಿ. ಗಡಿ ದಾಟುವವರು ಹಗಲು ಹೊತ್ತು ದೊಡ್ಡ ರಸ್ತೆಯಲ್ಲೇ ದಾಟಲಿ. ಸೈಕಲ್ಲಿಗೆ ನಿಜವಾಗಿ ಒಗ್ಗುವುದು ಇಲ್ಲಿನ ನಾಲೆ ಏರಿಗಳು. ಕೆಆರ್‌ಎಸ್ ಅಣೆಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕವಲುಗಳು ಮಂಡ್ಯ, ಮದ್ದೂರು ದಾಟಿ ಮಳವಳ್ಳಿಯ ಕೊನೆಭಾಗದ ಗದ್ದೆಗಳವರೆಗೂ ಹರಡಿವೆ. ಹೊಸ ರಸ್ತೆ ಬೇಕಿಲ್ಲ, ತಡೆಗೋಡೆ ಬೇಕು. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಸತ್ತರು.

ಕಾಲವೂ ಗೊತ್ತಿದೆ. ಜಲಪಾತಕ್ಕೆ ಜನ ಮುಗಿಬೀಳುವ ಆಗಸ್ಟ್ ಅಲ್ಲ, ಜನವರಿ. ಕಬ್ಬಿನ ಕಟಾವು ನಡೆದಿರುತ್ತದೆ, ಆಲೆಮನೆಯ ಹೊಗೆ ಏಳುತ್ತಿರುತ್ತದೆ, ಬೆಳ್ಳೂರಿನ ಹುಣಸೆಮರಗಳಿಗೆ ಹಕ್ಕಿಗಳು ಬಂದಿರುತ್ತವೆ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ತಿಂದು ಹೊರಟವನು ಹೊತ್ತೇರುವ ಮುಂಚೆ ಶಿಂಷಾ ದಡ ಸೇರಬಹುದು, ಟೈರಿನಲ್ಲಿ ಗಾಳಿಯಿದ್ದರೆ.